ಕಾಸು ಹಾಕಿದರೆ ನೀರೊಳಗೆ!
ಚನ್ನಗಿರಿಯವರಿಗೆ ಸಾಗರ ಅಂದ್ರೆ ಶಾಂತಿಸಾಗರ. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ತುಂಗಭದ್ರೆ. ಜಗಳೂರಿಗೆ ಮಳೆ ಬಂದರೇ ದೊಡ್ಡದು. ಕಡಲೇ ಕಾಣದವರೂ ಸಬ್‌ಮೆರೀನಿನೊಳಗಿಂದ ಹಡಗು ಮುಳುಗಿಸಬಹುದಾದ ಆಟ ‘ಸೀ ವುಲ್ಫ್’. ಅಮೆರಿಕದ ಮಿಡ್‌ವೇ ಕಂಪನಿ 1976ರಲ್ಲಿ ತಂದದ್ದು.

ಪೆಟ್ಟಿಗೆಗೆ ಕಾಸು ಹಾಕಿ, ಪೆರಿಸ್ಕೋಪಿಗೆ ಮುಖವೊಡ್ಡಿ, ಎಡಬಲ ತಿರುಗಿಸಿ ಗುಂಡಿ ಅದುಮಬೇಕು. ಟಾರ್ಪಿಡೊ ಮೇಲೇರುವಷ್ಟರಲ್ಲಿ ಹಡಗು ಮುಂದೆ ಹೋಗಿರುತ್ತೆ. ಹಾಗಾಗಿ ಹಡಗಿಗಲ್ಲ, ಅದು ಬರಲಿರುವ ಜಾಗಕ್ಕೆ ಗುರಿ. ಸ್ಟಾಪು ಬಿಟ್ಟು ಮುಂದೆ ನಿಲ್ಲೋ ಬಸ್ಸಿಗೆ ಓಡಿದವರಿಗೆ ಈ ಲೆಕ್ಕ ಹೊಸದಲ್ಲ! ನಾಲ್ಕು ಹೊಡೆದ ಮೇಲೆ ಮತ್ತೆ ತುಂಬೋ ತನಕ ಕಾಯಬೇಕು. ಗಡಿಯಾರ ಮಾತ್ರ ಕಾಯೋದಿಲ್ಲ. ವ್ಯಾಪಾರಸ್ಥರೇ ನೋಡಿ, ಆ ಪೆಟ್ಟಿಗೆ ಮಾರುತ್ತಿದ್ದದ್ದು ಬರೀ ಸೆಕೆಂಡುಗಳನ್ನು.

ಚಿಕ್ಕಂದಿನಲ್ಲಿ ಆಡಿದವರು ಈಗ ಕಂಪ್ಯೂಟರಿನಲ್ಲೂ ಆಡಬಹುದು. ಹಡಗುಂಟು, ಮೈನುಂಟು, ಪೆರಿಸ್ಕೋಪೇ ಇಲ್ಲ. ಸುತ್ತಲ ಗದ್ದಲ ಮರೆಸಿ ನೀರಿನಡಿಗೆ ಇಳಿಸುತ್ತಿದ್ದುದು ಅದೇ. ಮೌಸ್ ಹಿಡಿದು ಹೊಡೆದರೆ ದಡದಲ್ಲಿ ಕೂತು ಕಲ್ಲೆಸೆದ ಹಾಗೆ.