ಮರಳಿಗೆ ಬೆನ್ನು, ಕಡಲಿಗೆ ಮುಖ: ಒಮಾನ್ ನಾಡಿನ ಅಪರೂಪದ ಸಂಗತಿಗಳು

ಅರಬರ ನಾಡು ಎಂದೊಡನೆ ಮನಸ್ಸಿನಲ್ಲಿ ಮೂಡುವ ಚಿತ್ರದಲ್ಲಿ ಮರಳುದಿಬ್ಬಗಳಿರುತ್ತವೆ, ಒಂಟೆಯ ಸಾಲಿರುತ್ತದೆ, ನೆತ್ತಿಯ ಮೇಲೆ ಉರಿಯುವ ಸೂರ್ಯನಿರುತ್ತಾನೆ. ಆದರೆ ಜುಲೈ ತಿಂಗಳಲ್ಲಿ ಒಮಾನಿನ ದಕ್ಷಿಣದ ಸಲಾಲಾ ಪಟ್ಟಣಕ್ಕೆ ಹೋದ ಪ್ರವಾಸಿಗನನ್ನು ಸ್ವಾಗತಿಸುವುದು ತುಂತುರು ಮಳೆ. ರಸ್ತೆಯ ಬದಿಯಲ್ಲಿ ತೆಂಗು, ಬಾಳೆ, ಪರಂಗಿಯ ತೋಟಗಳು. ಪಟ್ಟಣದ ಹಿಂದಿನ ಗುಡ್ಡಗಳ ಮೇಲೆ ಹಸಿರು ಹುಲ್ಲು. ಹುಲ್ಲಿನಲ್ಲಿ ಮೊಣಕಾಲವರೆಗೆ ಮುಳುಗಿ ಮೇಯುವ ಹಸುಗಳು. ಕರಾವಳಿಯ ಕನ್ನಡಿಗನೊಬ್ಬನನ್ನು ಕಣ್ಣು ಕಟ್ಟಿ ಅಲ್ಲಿ ಬಿಟ್ಟರೆ, ತಾನು ಊರಿಗೇ ಮರಳಿದೆನೆಂದು ಅವನು ಭ್ರಮಿಸಿದರೂ ಆಶ್ಚರ್ಯವಿಲ್ಲ.

ಈ ಭ್ರಮೆಗೆ ತಕ್ಕ ಆಧಾರವೂ ಉಂಟು. ಆಗುಂಬೆಯ ಘಟ್ಟಕ್ಕೆ ಮಳೆ ತರುವ ನೈಋತ್ಯ ಮಾರುತವೇ ಸಲಾಲಾದ ಗುಡ್ಡಗಳನ್ನೂ ಸವರಿಕೊಂಡು ಬರುತ್ತದೆ. ಒಮಾನಿನ ಕತೆಯನ್ನು ಮರಳುಗಾಡಿನ ಕಡೆಯಿಂದ ಓದಹೊರಟವರಿಗೆ ಅದು ಅರ್ಥವಾಗುವುದು ಕಷ್ಟ. ಕಡಲಿನ ಕಡೆಯಿಂದ, ಈ ಗಾಳಿಯ ಜಾಡು ಹಿಡಿದು ಓದಬೇಕು.

ಮಂಜನ್ನು ಹಿಡಿಯುವ ಗುಡ್ಡಗಳು

ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಈ ಕಾಲವನ್ನು ಅಲ್ಲಿನವರು ‘ಖರೀಫ್’ ಎನ್ನುತ್ತಾರೆ. ನಮ್ಮ ರೈತರು ಮುಂಗಾರು ಬೆಳೆಗೆ ‘ಖಾರಿಫ್’ ಎನ್ನುವುದೂ ಇದೇ ಅರಬ್ಬೀ ಶಬ್ದದಿಂದಲೇ. ಆದರೆ ನಮ್ಮ ಜಡಿಮಳೆಯನ್ನು ಅಲ್ಲಿ ನಿರೀಕ್ಷಿಸಬಾರದು. ಬಲವಾಗಿ ಬೀಸುವ ಗಾಳಿ ದಡದ ಬಳಿಯ ಮೇಲ್ನೀರನ್ನು ಆಚೆಗೆ ಸರಿಸುತ್ತದೆ. ಆ ಸ್ಥಳಕ್ಕೆ ಆಳದ ತಣ್ಣೀರು ಮೇಲೇರಿ ಬರುತ್ತದೆ. ತೇವದ ಗಾಳಿ ಆ ತಣ್ಣೀರಿನ ಮೇಲೆ ಹಾಯುವಾಗ ಮಂಜಾಗಿ, ಧೋಫಾರ್ ಪ್ರಾಂತದ ಗುಡ್ಡಗಳಿಗೆ ಬಂದು ಆತುಕೊಳ್ಳುತ್ತದೆ. ಗುಡ್ಡದ ಮರಗಳು ತಮ್ಮ ಎಲೆಗಳಿಂದ ಈ ಮಂಜನ್ನು ಹಿಡಿದು, ಹನಿಹನಿಯಾಗಿ ಬೇರಿಗೆ ಇಳಿಸಿಕೊಳ್ಳುತ್ತವೆ. ಗುಡ್ಡದ ನೆತ್ತಿಯನ್ನು ದಾಟಿ ಕೆಲವೇ ಮೈಲಿ ಹೋದರೆ ಹಸಿರು ಗೆರೆ ಎಳೆದಂತೆ ನಿಂತುಹೋಗುತ್ತದೆ. ಅದರಾಚೆಗೆ ‘ರುಬ್ ಅಲ್ ಖಾಲಿ’ ಎಂಬ ಮಹಾ ಮರಳುಗಾಡು. ಬೇಸಗೆಯಲ್ಲಿ ಬೆಂದ ಕೊಲ್ಲಿ ನಾಡುಗಳ ಜನರು ಸಂಸಾರಸಮೇತರಾಗಿ ಇಲ್ಲಿಗೆ ಬರುವುದು ಮಳೆಯಲ್ಲಿ ನೆನೆಯುವ ಸುಖಕ್ಕಾಗಿಯೇ.

ಕಣ್ಣೀರಿಡುವ ಮರ

ಈ ಮಂಜು ತಲುಪದ, ಆದರೆ ಅದರ ತಂಪು ಸೋಕುವ ಒಣ ಕಣಿವೆಗಳಲ್ಲಿ ಕುಳ್ಳನೆಯ, ಗಂಟುಗಂಟಾದ ಒಂದು ಮರ ಬೆಳೆಯುತ್ತದೆ. ಅದರ ಅಂಟಿಗೆ ಅರಬ್ಬಿಯಲ್ಲಿ ‘ಲುಬಾನ್’ ಎಂದು ಹೆಸರು. ಕನ್ನಡದ ‘ಲೋಬಾನ’ ಈ ಮಾತಿನ ಮಗಳೇ ಆದರೂ, ನಮ್ಮ ಅಂಗಡಿಗಳಲ್ಲಿ ಆ ಹೆಸರಿನಿಂದ ದೊರೆಯುವುದು ಅನೇಕ ವೇಳೆ ಪೂರ್ವ ದ್ವೀಪಗಳ ಬೇರೊಂದು ಮರದ ಅಂಟು.

ಮೊಂಡು ಅಲಗಿನಿಂದ ತೊಗಟೆಯನ್ನು ಅಲ್ಲಲ್ಲಿ ಕೆರೆದರೆ ಹಾಲಿನಂಥ ರಸ ಒಸರುತ್ತದೆ. ಮೊದಲ ಸಲದ ಅಂಟಿಗೆ ಬೆಲೆಯಿಲ್ಲ. ಕೆಲವು ವಾರ ಕಾದು ಮತ್ತೆ ಮತ್ತೆ ಕೆರೆದ ಮೇಲೆ ಬರುವ, ಹಸಿರು ಛಾಯೆಯ ಪಾರದರ್ಶಕ ಹರಳುಗಳೇ ಶ್ರೇಷ್ಠ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ದೇವಾಲಯಗಳಲ್ಲಿ ಉರಿದ ಧೂಪ ಈ ಕರಾವಳಿಗಳಿಂದಲೇ ಹೋಗುತ್ತಿತ್ತು. ಸಲಾಲಾದ ಪೂರ್ವಕ್ಕೆ ಹಿನ್ನೀರಿನ ದಡದಲ್ಲಿರುವ ಸುಮ್ಹುರಮ್ ಎಂಬ ಹಾಳುಪಟ್ಟಣ ಆ ವ್ಯಾಪಾರದ ಕೋಟೆ. ಅಲ್ಲಿನ ಉತ್ಖನನದಲ್ಲಿ ಭಾರತದ ಪುಟ್ಟ ಕಂಚಿನ ಸ್ತ್ರೀವಿಗ್ರಹವೊಂದು ದೊರೆಯಿತು. ತಮಿಳು ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೆತ್ತಿದ ಮಡಕೆಯ ಚೂರೂ ದೊರೆಯಿತು. ಧೂಪ ಕೊಳ್ಳಲು ಬಂದವರಲ್ಲಿ ನಮ್ಮ ಕಡೆಯವರೂ ಇದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 2000ದಲ್ಲಿ ಈ ಧೂಪದ ನಾಡು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮರ ಉಳಿಯುವುದಿಲ್ಲ. ಬಿಡುವು ಕೊಡದೆ ಕೆರೆದ ಮರ ಸೊರಗುತ್ತದೆ. ಎಳೆಯ ಸಸಿಗಳನ್ನು ಒಂಟೆ, ಮೇಕೆಗಳು ಬಾಳಗೊಡುವುದಿಲ್ಲ.

ಮೊಳೆಯಿಲ್ಲದ ಹಡಗು

ಒಮಾನಿನಲ್ಲಿ ನಾವಿಕರಿದ್ದರು, ಹಡಗಿಗೆ ಬೇಕಾದ ಮರವಿರಲಿಲ್ಲ. ಸಾಗುವಾನಿ ಮಲಬಾರಿನ ಕಾಡುಗಳಿಂದ ಬರಬೇಕಾಗಿತ್ತು. ಹಲಗೆಗಳನ್ನು ಜೋಡಿಸಲು ಕಬ್ಬಿಣದ ಮೊಳೆ ಬಳಸುತ್ತಿರಲಿಲ್ಲ. ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿದಂತೆ ಹೊಲಿಯುತ್ತಿದ್ದರು. ಹೊಲಿದ ಹಡಗು ಅಲೆಯ ಏಟಿಗೆ ತುಸು ಬಾಗುತ್ತದೆ, ಒಡೆಯುವುದಿಲ್ಲ. ಹಿಂಗಾರಿನ ಗಾಳಿಯೊಡನೆ ಭಾರತದಿಂದ ಹೊರಟ ಹಡಗು ಒಮಾನನ್ನು ಮುಟ್ಟುತ್ತಿತ್ತು. ಗಾಳಿ ದಿಕ್ಕು ಬದಲಿಸಿದ ಮೇಲೆ, ಅದರ ಅಬ್ಬರ ಕಡಿಮೆಯಿರುವ ದಿನಗಳನ್ನು ನೋಡಿ ಮರಳುತ್ತಿತ್ತು.

ಇದು ಬರಿಯ ಪುರಾಣವಲ್ಲವೆಂದು ತೋರಿಸಲು ಟಿಮ್ ಸೆವೆರಿನ್ ಎಂಬ ಸಾಹಸಿ ಒಮಾನಿನ ಸೂರ್ ಬಂದರಿನಲ್ಲಿ ‘ಸೊಹಾರ್’ ಎಂಬ ಹಡಗನ್ನು ಹೊಲಿಸಿ, 1980-81ರಲ್ಲಿ ಮಸ್ಕತ್ತಿನಿಂದ ಚೀನದವರೆಗೆ ನಡೆಸಿದನು. ಅದರ ಮರ, ಹುರಿಗಳೆರಡೂ ಭಾರತದವೇ. ಮಸ್ಕತ್ತಿನ ಒಂದು ವೃತ್ತದಲ್ಲಿ ಆ ಹಡಗನ್ನು ಪ್ರವಾಸಿಗರು ನೋಡಬಹುದು. ಈ ಕತೆಯ ಇತ್ತೀಚಿನ ಅಧ್ಯಾಯಕ್ಕೆ ಕಾರವಾರದ ನಂಟಿದೆ. ಅಜಂತಾದ ಚಿತ್ರವೊಂದನ್ನು ಆಧರಿಸಿ ಹೊಲಿದ ‘ಕೌಂಡಿನ್ಯ’ ನೌಕೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಭಾರತದ ನೌಕಾಪಡೆಯನ್ನು ಸೇರಿತು. ಅದೇ ವರ್ಷದ ಡಿಸೆಂಬರ್ 29ರಂದು, ಹಿಂಗಾರು ಗಾಳಿಯ ಕಾಲದಲ್ಲಿಯೇ, ಅದು ಪೋರಬಂದರಿನಿಂದ ಹೊರಟಿತು. ಅದರ ಗುರಿ ಮಸ್ಕತ್.

ಅಕ್ಕಿ, ರೂಪಾಯಿ, ರೇಷ್ಮೆಹುಳು

ಈ ನಂಟು ಯಾವಾಗಲೂ ಸ್ನೇಹದ್ದಾಗಿರಲಿಲ್ಲ. ಪೋರ್ಚುಗೀಸರೊಡನೆ ಹಗೆ ಕಟ್ಟಿಕೊಂಡ ಅರಬರ ಹಡಗುಪಡೆ 1695ರಲ್ಲಿ ಮಂಗಳೂರನ್ನು ಸುಟ್ಟಿತು. ಆದರೂ ಮಸ್ಕತ್ತಿನ ಒಲೆಯ ಮೇಲೆ ಬೇಯುತ್ತಿದ್ದುದು ಮಂಗಳೂರಿನ ಅಕ್ಕಿ. ಟಿಪ್ಪು ಸುಲ್ತಾನನು ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯನ್ನಿಟ್ಟು, ಒಮಾನಿನ ವರ್ತಕರಿಗೆ ಸುಂಕದಲ್ಲಿ ರಿಯಾಯಿತಿ ಕೊಟ್ಟನು. ರೇಷ್ಮೆಹುಳುಗಳನ್ನು ಕಳುಹಿಸುವಂತೆ ಅಲ್ಲಿನ ತನ್ನ ಅಧಿಕಾರಿಗೆ ಬರೆದನು.

ಒಮಾನಿನ ಇತಿಹಾಸಕಾರ ಇಬ್ನ್ ರುಝೈಕ್ ಹೇಳಿರುವ ಒಂದು ಕತೆ ಸ್ವಾರಸ್ಯವಾಗಿದೆ. ಮಸ್ಕತ್ತು ಪೋರ್ಚುಗೀಸರ ಕೈಯಲ್ಲಿದ್ದಾಗ ಅವರ ದಳಪತಿಯು ನರೋತ್ತಮನೆಂಬ ಬನಿಯಾ ವರ್ತಕನ ಮಗಳನ್ನು ಬಯಸಿದನಂತೆ. ವರ್ತಕನು ಒಪ್ಪಿದಂತೆ ನಟಿಸಿ ಕಾಲಾವಕಾಶ ಬೇಡಿದನು. ‘ಕೋಟೆಯ ನೀರು ಕೆಟ್ಟಿದೆ, ದವಸಕ್ಕೆ ಹುಳು ಹಿಡಿದಿದೆ, ಮದ್ದು ಹಳತಾಗಿದೆ, ಎಲ್ಲವನ್ನೂ ಹೊಸದಾಗಿ ತುಂಬಿಸಿಕೊಡುವೆನು’ ಎಂದು ನಂಬಿಸಿ, ಕೋಟೆಯನ್ನು ಬರಿದು ಮಾಡಿದನು. ಬಳಿಕ ಇಮಾಮ್ ಸುಲ್ತಾನ್ ಬಿನ್ ಸೈಫ್‌ಗೆ ಗುಟ್ಟಾಗಿ ಸುದ್ದಿ ಮುಟ್ಟಿಸಿದನು. ಕತೆಯಲ್ಲಿ ನಿಜವೆಷ್ಟಾದರೂ ಇರಲಿ, 1650ರಲ್ಲಿ ಮಸ್ಕತ್ತು ಪೋರ್ಚುಗೀಸರ ಕೈ ಬಿಟ್ಟಿತು. ಅವರ ಎರಡು ಕೋಟೆಗಳು, ಜಲಾಲಿ ಮತ್ತು ಮಿರಾನಿ, ಬಂದರಿನ ಎರಡೂ ಬದಿಯ ಬಂಡೆಗಳ ಮೇಲೆ ನಿಂತಿವೆ.

ಇನ್ನೊಂದು ಸಂಗತಿ ಹಲವರಿಗೆ ಹೊಸದೆನಿಸಬಹುದು. 1970ರವರೆಗೆ ಒಮಾನಿನ ಪೇಟೆಯಲ್ಲಿ ರೂಪಾಯಿ ನಡೆಯುತ್ತಿತ್ತು. ಕೊಲ್ಲಿ ನಾಡುಗಳಿಗೆಂದೇ ಭಾರತದ ರಿಸರ್ವ್ ಬ್ಯಾಂಕು 1959ರಿಂದ ಬೇರೆ ನೋಟುಗಳನ್ನು ಅಚ್ಚು ಹಾಕಿಸುತ್ತಿತ್ತು. ಅದೇ 1970ರವರೆಗೆ ಮಸ್ಕತ್ತಿನ ಊರಬಾಗಿಲನ್ನು ರಾತ್ರಿ ಮುಚ್ಚುತ್ತಿದ್ದರು. ಆ ಮೇಲೆ ಬೀದಿಯಲ್ಲಿ ನಡೆಯುವವನು ಕೈಯಲ್ಲಿ ಲಾಟೀನು ಹಿಡಿದಿರಲೇಬೇಕಾಗಿತ್ತು.

ನಕ್ಷತ್ರ ನೋಡಿ ನೀರು ಹಂಚುವವರು

ಕರಾವಳಿಯನ್ನು ಬಿಟ್ಟು ಒಳನಾಡಿನ ನಿಜ್ವಾ ಪಟ್ಟಣದ ಕಡೆ ಹೋದರೆ ಖರ್ಜೂರದ ತೋಟಗಳ ನಡುವೆ ಕಿರಿದಾದ ಕಾಲುವೆಗಳಲ್ಲಿ ತಿಳಿನೀರು ಹರಿಯುತ್ತದೆ. ಇವೇ ‘ಫಲಜ್’ಗಳು. ಬೆಟ್ಟದ ಬುಡದಲ್ಲಿ ಅಂತರ್ಜಲವಿರುವಲ್ಲಿ ಬಾವಿ ತೋಡಿ, ಅಲ್ಲಿಂದ ಊರಿನವರೆಗೆ ಕೊಂಚವೇ ಇಳಿಜಾರಾಗಿ ನೆಲದಡಿ ಸುರಂಗ ಕೊರೆಯುತ್ತಾರೆ. ಏತವಿಲ್ಲ, ಪಂಪಿಲ್ಲ, ನೀರು ತನ್ನಷ್ಟಕ್ಕೆ ನಡೆದು ಬರುತ್ತದೆ. ದಕ್ಷಿಣ ಕನ್ನಡ, ಕಾಸರಗೋಡುಗಳ ಗುಡ್ಡಗಳಲ್ಲಿ ತೋಡುವ ಸುರಂಗಗಳನ್ನು ಬಲ್ಲವರಿಗೆ ಈ ವಿದ್ಯೆ ಅಪರಿಚಿತವೆನಿಸದು. ಸುಲೈಮಾನ ಪ್ರವಾದಿಯು ಜಿನ್ನರಿಂದ ಹತ್ತು ದಿನಗಳಲ್ಲಿ ಹತ್ತು ಸಾವಿರ ಕಾಲುವೆಗಳನ್ನು ತೋಡಿಸಿದನೆಂದು ಅಲ್ಲಿನ ಐತಿಹ್ಯ.

ತೋಡಿದವರು ಯಾರೇ ಆಗಲಿ, ಹಂಚುವ ಕ್ರಮ ಮನುಷ್ಯರದು. ಅದು ಇನ್ನೂ ಸೊಗಸಾದದ್ದು. ನೀರಿನ ಪಾಲನ್ನು ಅಳೆಯುವುದು ಕೊಡದಿಂದಲ್ಲ, ಕಾಲದಿಂದ. ಒಂದು ‘ಅಥರ್’ ಎಂದರೆ ಸುಮಾರು ಅರ್ಧ ಗಂಟೆ. ಹಗಲಿನಲ್ಲಿ ನೆಟ್ಟ ಕೋಲಿನ ನೆರಳನ್ನು ನೋಡಿ, ರಾತ್ರಿ ಗೊತ್ತಾದ ನಕ್ಷತ್ರಗಳ ಉದಯವನ್ನು ನೋಡಿ, ಒಬ್ಬನ ತೋಟದ ತೂಬು ಮುಚ್ಚಿ ಇನ್ನೊಬ್ಬನದನ್ನು ತೆರೆಯುತ್ತಿದ್ದರು. ಕುಡಿಯುವ ನೀರಿಗೆ ಮೊದಲ ಸ್ಥಾನ, ಬಳಿಕ ಮಸೀದಿ, ಸ್ನಾನಗೃಹಗಳು, ಕೊನೆಗೆ ತೋಟ. ಈಗ ನಕ್ಷತ್ರದ ಸ್ಥಳವನ್ನು ಬಹುಮಟ್ಟಿಗೆ ಕೈಗಡಿಯಾರ ಆಕ್ರಮಿಸಿದೆ. ಮೂರು ಸಾವಿರದಷ್ಟು ಫಲಜ್‌ಗಳು ಬಳಕೆಯಲ್ಲಿವೆ. ಅವುಗಳಲ್ಲಿ ಐದನ್ನು 2006ರಲ್ಲಿ ವಿಶ್ವ ಪರಂಪರೆಗೆ ಸೇರಿಸಲಾಯಿತು. ಆದರೆ ಪಂಪು ಹಾಕಿದ ಕೊಳವೆಬಾವಿಗೆ ಸರದಿಯ ನಿಯಮ ತಿಳಿಯದು. ಒಬ್ಬನು ಆಳಕ್ಕೆ ಇಳಿದಂತೆ ಊರಿನ ಕಾಲುವೆ ಬತ್ತುತ್ತದೆ.

ವಲಸೆ ಹೋಗದ ತಿಮಿಂಗಿಲ

ಖರೀಫಿನ ಗಾಳಿ ಆಳದಿಂದ ಎತ್ತಿ ತರುವ ತಣ್ಣೀರಿನಲ್ಲಿ ಮೀನಿನ ಆಹಾರ ಹೇರಳ. ಅದರ ಫಲವಾಗಿ ಒಮಾನಿನ ಕಡಲಿನಲ್ಲಿ ಒಂದು ಸೋಜಿಗ ನಡೆದಿದೆ. ಲೋಕದ ಉಳಿದೆಲ್ಲ ಗೂನುಬೆನ್ನಿನ ತಿಮಿಂಗಿಲಗಳು ಆಹಾರಕ್ಕಾಗಿ ಧ್ರುವದ ಕಡೆಗೂ ಮರಿ ಹಾಕಲು ಉಷ್ಣವಲಯಕ್ಕೂ ವರ್ಷವರ್ಷ ಸಾವಿರಾರು ಮೈಲಿ ಅಲೆಯುತ್ತವೆ. ಅರಬ್ಬೀ ಸಮುದ್ರದವು ಮಾತ್ರ ಇಲ್ಲಿಯೇ ನೆಲೆ ನಿಂತಿವೆ. ಸುಮಾರು ಎಪ್ಪತ್ತು ಸಾವಿರ ವರ್ಷಗಳಿಂದ ಅವು ತಮ್ಮ ಕುಲದವರಿಂದ ಬೇರೆಯಾಗಿವೆಯೆಂದು ವಿಜ್ಞಾನಿಗಳ ಅಂದಾಜು. ಒಮಾನಿನ ನೀರಿನಲ್ಲಿ ಉಳಿದಿರುವುದು ನೂರಕ್ಕಿಂತ ಕಡಿಮೆ. ಮೀನಿನ ಬಲೆಗಳೂ ಹಡಗುಗಳೂ ಅವುಗಳ ಶತ್ರುಗಳು.

2017ರಲ್ಲಿ ಅಂಥ ಹೆಣ್ಣು ತಿಮಿಂಗಿಲವೊಂದಕ್ಕೆ, ಉಪಗ್ರಹದ ಮೂಲಕ ಜಾಡು ತಿಳಿಸುವ ಸಣ್ಣ ಯಂತ್ರವನ್ನು ಸಂಶೋಧಕರು ಅಂಟಿಸಿದರು. ಅದು ಒಮಾನಿನ ದಡವನ್ನು ಬಿಟ್ಟು, ಅರಬ್ಬೀ ಸಮುದ್ರವನ್ನು ಅಡ್ಡ ಹಾಯ್ದು, ಭಾರತದ ದಕ್ಷಿಣ ತುದಿಯ ಸಮೀಪಕ್ಕೆ ಬಂದಿತು. ಸಾಗುವಾನಿ, ಅಕ್ಕಿ, ನಾರಿನ ಹುರಿಗಳು ಸಾಗಿದ ಕಡಲನ್ನೇ ಅದೂ ದಾಟಿತ್ತು. ಅದರ ಬಾಲದ ಮೇಲಿನ ಗುರುತು ಧೂಪದ ಮರದಂತಿದ್ದುದರಿಂದ ಅವರು ಅದಕ್ಕೆ ಮೊದಲೇ ಒಂದು ಹೆಸರಿಟ್ಟಿದ್ದರು: ಲುಬಾನ್.