ಕಾದ ತಾರಸಿಗೆ ಸುಣ್ಣದ ಬಿಳುಪು

ಕಲಬುರಗಿ, ರಾಯಚೂರುಗಳ ಕಾಂಕ್ರೀಟ್ ಮನೆಗಳಲ್ಲಿ ಬೇಸಗೆಯ ರಾತ್ರಿ ಫ್ಯಾನ್ ತಿರುಗುತ್ತಿದ್ದರೂ ನಿದ್ದೆ ಬಾರದು. ಹಗಲು ಕಾದ ತಾರಸಿಯು ಆ ಉಷ್ಣವನ್ನು ಕೆಲವು ಗಂಟೆ ತಡವಾಗಿ ಕೆಳಕ್ಕೆ ದಾಟಿಸಿ, ಅವಕೆಂಪು ವಿಕಿರಣವಾಗಿ ಮಲಗಿದವರ ಮೇಲೆ ಬೀರುತ್ತದೆ. ಫ್ಯಾನ್ ಗಾಳಿಯನ್ನು ಆಡಿಸಬಲ್ಲದೇ ಹೊರತು ಈ ವಿಕಿರಣವನ್ನು ತಡೆಯಲಾರದು.

ಬೇಸಗೆಯ ನಡುಹಗಲು, ಮೋಡವಿಲ್ಲದಾಗ, ತಾರಸಿಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಸೌರಶಕ್ತಿ ಬೀಳುತ್ತದೆ. ಹಳೆಯ ಬೂದು ಕಾಂಕ್ರೀಟ್ ಇದರ ಮೂರನೇ ಎರಡು ಭಾಗವನ್ನು ಹೀರಿದರೆ, ಹೊಸದಾಗಿ ಬಳಿದ ಸುಣ್ಣ ಹೀರುವುದು ಹೆಚ್ಚೆಂದರೆ ಮೂರನೇ ಒಂದು ಭಾಗ. 50 ಚದರ ಮೀಟರ್ ತಾರಸಿಗೆ ಈ ವ್ಯತ್ಯಾಸ 16 ಕಿಲೋವಾಟ್ ದಾಟುತ್ತದೆ! ಇದರಲ್ಲಿ ಬಹುಪಾಲು ಗಾಳಿಗೂ ಆಕಾಶಕ್ಕೂ ಹೇಗೂ ಮರಳುತ್ತಿತ್ತು, ನಿಜ. ನಿದ್ದೆಗೆಡಿಸುವುದು ಒಳಗಿಳಿಯುವ ಉಳಿದ ಪಾಲು.

ಹೊಳೆಯುವ ಅಲ್ಯೂಮಿನಿಯಂ ಹಾಳೆಯೂ ಬೆಳಕನ್ನು ಪ್ರತಿಫಲಿಸುತ್ತದಲ್ಲ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಆದರೆ ಅದರ ಉತ್ಸರ್ಜನಾಂಕ ತೀರ ಕಡಿಮೆ. ಹೀರಿದ ಅಲ್ಪ ಉಷ್ಣವನ್ನೂ ವಿಕಿರಣವಾಗಿ ಹೊರಬಿಡಲಾರದೆ ಕಾಯುತ್ತದೆ. ಸುಣ್ಣದ ಉತ್ಸರ್ಜನಾಂಕ 0.9ರ ಆಸುಪಾಸು.

ಏರ್ ಕಂಡಿಷನರ್ ಕೊಳ್ಳುವ ಮುನ್ನ ಇದನ್ನು ಮಾಡಿ ನೋಡುವುದು ಲೇಸು. ಬಿರುಕುಗಳನ್ನು ಮೊದಲು ಮುಚ್ಚಿಸಬೇಕು. ಧೂಳು, ಮಳೆಗಳಿಂದ ಬಿಳುಪು ಮಾಸುವುದರಿಂದ ಪ್ರತಿವರ್ಷ ಶಿವರಾತ್ರಿಯ ಹೊತ್ತಿಗೆ ಮತ್ತೆ ಬಳಿಯಬೇಕು.