ಕೊಂಡದ್ದು ತಂತ್ರಾಂಶ, ಸಿಕ್ಕಿದ್ದು ಅಪ್ಪಣೆ

ಕಂಪ್ಲಿಯ ನನ್ನ ಸೋದರಳಿಯ ಊರಿನ ಭಜನಾ ಮಂಡಳಿಯ ಹಾಡುಗಳನ್ನು ಧ್ವನಿಮುದ್ರಿಸಲೆಂದು ಸಂಗೀತ ಸಂಯೋಜನೆಯ ತಂತ್ರಾಂಶವೊಂದನ್ನು ಕೊಂಡ. ತಂತ್ರಾಂಶವೇನೋ ಅರ್ಧ ಗಂಟೆಯಲ್ಲಿ ಕಂಪ್ಯೂಟರಿಗೆ ಇಳಿಯಿತು; ಅದರಲ್ಲಿ ನುಡಿಯಬೇಕಾದ ವಾದ್ಯಗಳ ಧ್ವನಿಭಂಡಾರ ಮಾತ್ರ 60 ಗಿಗಾಬೈಟ್. ದಿನಕ್ಕೆ 2 ಗಿಗಾಬೈಟಿನ ಮೊಬೈಲ್ ಸಂಪರ್ಕದಲ್ಲಿ ಅದಕ್ಕೊಂದು ತಿಂಗಳು ಬೇಕು. ಹೊಸಪೇಟೆಯ ನಮ್ಮ ಮನೆಗೆ ಬಂದು ಇಳಿಸಿಕೊಳ್ಳತೊಡಗಿದರೆ, ನಡುವೆ ವಿದ್ಯುತ್ ಹೋಗಿ ಮತ್ತೆ ಮೊದಲಿನಿಂದ ಆರಂಭ. ಡಿಸ್ಕ್ ತುಂಬಿತೆಂದು ಭಂಡಾರವನ್ನು ಹೊರಗಿನ ಡಿಸ್ಕಿಗೆ ಸಾಗಿಸಿದರೆ, ಅದು ಕಾಣುತ್ತಿಲ್ಲವೆಂಬ ತಕರಾರು. ಕೊನೆಗೆ ಪರವಾನಗಿ ಸಂಖ್ಯೆಯನ್ನೇ ಕಂಪನಿಯ ಸರ್ವರ್ ಒಪ್ಪಲಿಲ್ಲ. ಮೊದಲ ವಿಫಲ ಯತ್ನದಲ್ಲೇ ಅದು ‘ಬಳಕೆಯಾಗಿದೆ’ಯಂತೆ! ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದ ನನಗೂ ಇಂಥ ಷರಾ ಹೊಸತು.

ಮಾರುಕಟ್ಟೆಯಲ್ಲಿ ವ್ಯವಹರಿಸುವುದಕ್ಕೇ ಒಂದು ವೆಚ್ಚವಿದೆ ಎಂದು ರೊನಾಲ್ಡ್ ಕೋಸ್ 1937ರಲ್ಲೇ ತೋರಿಸಿದ್ದರು. ಇಲ್ಲಿ ಆ ವೆಚ್ಚವೆಲ್ಲ ಗ್ರಾಹಕನ ತಲೆಗೆ. ಇದು ತಂತ್ರಜ್ಞಾನದ ಅನಿವಾರ್ಯತೆಯಲ್ಲ. ಪೈಪೋಟಿಯ ಕಂಪನಿಗಳೇ ಕೂಡಿ 1983ರಲ್ಲಿ ಜಾರಿಗೆ ತಂದ ‘ಮಿಡಿ’ ಮಾನದಂಡದಿಂದಾಗಿ ಒಂದು ಕಂಪನಿಯ ಕೀಬೋರ್ಡ್ ಮತ್ತೊಂದರೊಡನೆ ಇಂದಿಗೂ ಹೊಂದಿಕೊಳ್ಳುತ್ತದೆ, ಯಾರ ಅಪ್ಪಣೆಯೂ ಬೇಡ. ಭಂಡಾರದ ಗಾತ್ರವೆಷ್ಟು, ಎಷ್ಟು ಕಂಪ್ಯೂಟರಿಗೆ ಅನುಮತಿ, ಕಂಪನಿ ಮುಚ್ಚಿದರೆ ಗತಿಯೇನು ಎಂಬುದನ್ನು ಬೆಲೆಯ ಪಕ್ಕದಲ್ಲೇ ನಮೂದಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಬೇಕು.

ಹದಿಮೂರನೆಯ ದಿನ ವಾದ್ಯಗಳು ನುಡಿದವು. ಭಾರತದ ವಿಭಾಗದಲ್ಲಿ ತಬಲಾ, ಸಿತಾರ್, ತಂಬೂರಿ ಇದ್ದವು. 2014ರಲ್ಲಿ ತೀರಿಕೊಂಡ, ಸಂಡೂರು ತಾಲ್ಲೂಕಿನ ನಾಡೋಜ ದರೋಜಿ ಈರಮ್ಮನವರ ಬುರ್ರಕಥೆಯ ಮೇಳದಲ್ಲಿ ಕೇಳುತ್ತಿದ್ದ ಚರ್ಮವಾದ್ಯದ ಸದ್ದು ಇರಲಿಲ್ಲ. ಅದನ್ನು ಫೋನಿನಲ್ಲೇ ಮುದ್ರಿಸಿಕೊಂಡು ಬರುತ್ತೇನೆಂದು ಹುಡುಗ ಹೋದ ವಾರ ದರೋಜಿಗೆ ಹೊರಟ.